ಬೇರೆಯಾಗಿ ಎಣಿಸಿದವರು

ಆ ಊರಿನ ನದಿ ಪೂರ್ವಕ್ಕಿತ್ತೋ ಪಶ್ಚಿಮಕ್ಕಿತ್ತೋ, ಈಗ ಖಚಿತವಾಗಿ ಹೇಳಲಾರೆ. ವರ್ಷವಿಡೀ ಅದರ ನಕ್ಷೆ ಲೀಡ್ಸ್‌ನ ಹೆಡಿಂಗ್ಲೀ ಬಡಾವಣೆಯ ನನ್ನ ಬಾಡಿಗೆ ಕೋಣೆಯ ಗೋಡೆಯ ಮೇಲಿತ್ತು, ಆದರೂ ಮರೆತಿದ್ದೇನೆ. ಹಾಗಿದ್ದ ಮೇಲೆ ಅಪ್ಪನ ಮಾತುಗಳು ಮಾತ್ರ ಸರಿಯಾಗಿ ನೆನಪಿವೆ ಎಂದು ಹೇಗೆ ನಂಬಲಿ?

ಇಂಗ್ಲೆಂಡಿನ ಆ ಲೀಡ್ಸ್‌ನಲ್ಲಿ ಭೂಗೋಳ ಓದುವಾಗ ಪ್ರಬಂಧಕ್ಕೆಂದು ಫ್ರಾನ್ಸಿನ ಒಂದು ಕಮ್ಯೂನನ್ನು ಆರಿಸಿಕೊಂಡಿದ್ದೆ. ನಮ್ಮ ಗ್ರಾಮ ಪಂಚಾಯತ್ ಇದ್ದ ಹಾಗೆ. ಜನ ಮಾತ್ರ ಅಪ್ಪನ ಶಾಲೆಯ ಮಕ್ಕಳಷ್ಟೂ ಇರಲಿಲ್ಲ. ಕೆಳಗೆ ನದಿ, ರಸ್ತೆ, ಕಚೇರಿ. ಮೇಲೆ ಇಳಿಜಾರಿನಲ್ಲಿ ಚದುರಿದ ಕಲ್ಲಿನ ಮನೆಗಳು. ಮೇಲೆ ಹತ್ತಿದಷ್ಟೂ ಮುಚ್ಚಿದ ಕಿಟಕಿಗಳೇ ಹೆಚ್ಚು.

ಅಲ್ಲಿಗೆ ನಾಲ್ಕು ದಿನ ಹೋಗಿದ್ದೆ. ಕಚೇರಿಯ ಗುಮಾಸ್ತೆ, ವಯಸ್ಸಾದ ಹೆಂಗಸು, ಜನಗಣತಿಯ ಪಟ್ಟಿ ತೋರಿಸಿದಳು. ಊರಲ್ಲಿ ಇರುವವರ ಪಕ್ಕದಲ್ಲಿ ಇನ್ನೊಂದು ಲೆಕ್ಕ: ‘ಬೇರೆಯಾಗಿ ಎಣಿಸಿದವರು’. ಹೊರಗೆ ಓದಲು ಹೋದ ಮಕ್ಕಳು, ಸೈನ್ಯ ಸೇರಿದವರು. ಮಲಗುವುದು ಬೇರೆಲ್ಲೋ; ಆದರೂ ಊರಿನ ಒಟ್ಟು ಸಂಖ್ಯೆಯಲ್ಲಿ ಅವರೂ ಸೇರುತ್ತಾರೆ.

“ಇಲ್ಲದವರನ್ನು ಎಣಿಸುವುದು ಹೇಗೆ?” ಎಂದೆ, ನನ್ನ ಹರಕುಮುರುಕು ಫ್ರೆಂಚ್‌ನಲ್ಲಿ.

“ಇಲ್ಲ ಅಂತ ಯಾರು ಹೇಳಿದ್ದು? ಬಟ್ಟೆ ಒಗೆಸಿಕೊಳ್ಳೋಕೆ ಪ್ರತಿ ಶನಿವಾರ ಬರ್ತಾರಲ್ಲ!” ಎಂದು ನಕ್ಕಳು.

ಪುತ್ತೂರಿನಲ್ಲಿ ಮೇಷ್ಟ್ರಾಗಿದ್ದ ಅಪ್ಪ ಜನಗಣತಿಗೆ ಮನೆಮನೆ ತಿರುಗುತ್ತಿದ್ದರು. ಚಿಕ್ಕವಳಾಗಿದ್ದಾಗ ಒಮ್ಮೆ ಕೊಡೆ ಹಿಡಿದು ನಾನೂ ಹೋಗಿದ್ದೆ. ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಮಾತ್ರ ಒಂದು ಮನೆಯವರು, ಇದು ಅವರ ನಿಯಮ.

“ಮುಂಬೈಯಲ್ಲಿರುವ ಮಗನನ್ನೂ ಬರೀರಿ ಮಾಸ್ಟ್ರೇ. ಅವನ ಬಟ್ಟಲು ಇಲ್ಲೇ ಉಂಟು” ಎಂದಳು ಒಬ್ಬ ತಾಯಿ.

“ಬಟ್ಟಲು ಎಣಿಸ್ಲಿಕ್ಕೆ ಬಂದದ್ದಲ್ಲಮ್ಮ ನಾನು.”

ದಾರಿಯುದ್ದಕ್ಕೂ ನಾನು ನಕ್ಕಿದ್ದೆ. ಆಕೆ ಅತ್ತಳೆಂದು ಈಗ ಅನ್ನಿಸುತ್ತದೆ. ಅದು ನಾನೇ ಆಮೇಲೆ ಸೇರಿಸಿದ್ದಿರಬಹುದು.

ಫ್ರಾನ್ಸಿನಿಂದ ಬಂದು ಆ ಎರಡನೆಯ ಲೆಕ್ಕದ ಬಗ್ಗೆ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. “ಎರಡು ಕಡೆ ಹೆಸರಿದ್ದವರು ಎಲ್ಲಿಯವರೂ ಅಲ್ಲ ಮಾರಾಯ್ತಿ” ಎಂದು ನಕ್ಕರು. ಆ ನಗುವಿನ ಧೈರ್ಯದಲ್ಲೇ ಹೇಳಿಬಿಟ್ಟೆ: ಶೆಫೀಲ್ಡ್‌ನಲ್ಲಿ ಕೆಲಸ ಸಿಕ್ಕಿದೆ, ಊರಿಗೆ ಮರಳುವುದಿಲ್ಲ.

“ಹಾಗಾದ್ರೆ ನಿನ್ನನ್ನು ಈ ಮನೆಯ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ” ಎಂದರು ಅಪ್ಪ.

ತಮಾಷೆಯೋ ಸಿಟ್ಟೋ ತಿಳಿಯಲಿಲ್ಲ. ಆಮೇಲೆ ಯಾವಾಗ ಫೋನ್ ಮಾಡಿದರೂ ಎತ್ತುತ್ತಿದ್ದುದು ಅಮ್ಮ.

ಮರುವರ್ಷ ಊರಿನ ನಮ್ಮ ಮನೆಗೂ ಜನಗಣತಿ ಬಂತು. ಬಂದವನು ಅಪ್ಪನ ಹಳೆಯ ವಿದ್ಯಾರ್ಥಿ. ಅಪ್ಪ ಆಗಲೇ ಹಾಸಿಗೆ ಹಿಡಿದಿದ್ದರು. ಆದರೂ ಎದ್ದು ಕೂತು, ಎಲ್ಲ ಪ್ರಶ್ನೆಗೂ ತಾವೇ ಉತ್ತರಿಸಿದರಂತೆ. ಹತ್ತಿರ ಇದ್ದದ್ದು ಅಮ್ಮ ಒಬ್ಬಳೇ. ಒಳಗಿದ್ದ ಅತ್ತಿಗೆಗೆ ಕೇಳಿಸಿದ್ದು ಆ ಹುಡುಗನ ಒಂದೇ ಮಾತು: “ನೀವೇ ಹೇಳಿಕೊಟ್ಟದ್ದಲ್ವಾ ಸಾರ್?” ಯಾವುದರ ಬಗ್ಗೆ ಎಂದು ಅತ್ತಿಗೆಗೆ ಗೊತ್ತಿಲ್ಲ.

ಕೆಲವೇ ವಾರಗಳಲ್ಲಿ ಅಪ್ಪ ಹೋದರು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಶೆಫೀಲ್ಡ್‌ಗೆ ಮರಳಿದ ಮೇಲೆ ಇಲ್ಲಿನ ಜನಗಣತಿಯ ಫಾರಂ ಬಂತು. ಮನೆಯಲ್ಲಿ ಇರುವವರು ಎಂಬಲ್ಲಿ ನನ್ನ ಹೆಸರೊಂದನ್ನೇ ಬರೆದೆ. ಬರೆದು ಅಮ್ಮನಿಗೆ ಫೋನ್ ಮಾಡಿದೆ.

“ಅಮ್ಮ, ಮನೆಯಲ್ಲಿ ಎಷ್ಟು ಜನ ಅಂತ ಹೇಳಿದ್ರು ಅಪ್ಪ, ಆವತ್ತು?”

“ಅದೆಲ್ಲ ಎಂತಕ್ಕೆ ಈಗ? ನಿಂದು ಊಟ ಆಯ್ತಾ?”

ಅಪ್ಪ, ಅಮ್ಮ, ಅಣ್ಣ, ಅತ್ತಿಗೆ: ನಿಯಮದ ಪ್ರಕಾರ ನಾಲ್ಕು. ಅಪ್ಪ ನಿಯಮ ಮುರಿದವರಲ್ಲ. ಒಂದು ವೇಳೆ ನನಗಾಗಿ ಮುರಿದಿದ್ದರೆ, ಅದನ್ನು ತಿಳಿದು ನಾನು ಹೇಗೆ ತಡೆದುಕೊಳ್ಳುತ್ತೇನೆ ಎಂಬ ಹೆದರಿಕೆ ಅಮ್ಮನಿಗೆ ಇರಬಹುದು. ಮುರಿಯದಿದ್ದರೂ ಅದೇ ಹೆದರಿಕೆ.

ಕಳೆದ ಸಲ ಊರಿಗೆ ಹೋದಾಗ ಅವಳು ಹರಿವೆ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕೂತು ಮತ್ತೆ ಕೇಳಿದೆ. ತಲೆ ಎತ್ತದೆ, ಒಂದು ಹಿಡಿ ಸೊಪ್ಪನ್ನು ನನ್ನತ್ತ ತಳ್ಳಿದಳು.

“ನಾಲ್ಕಾ ಅಮ್ಮ, ಐದಾ?”