ಇಳಿಜಾರು ಹತ್ತಿದ ಸದ್ದು

ಕೃಷ್ಣರಾಜನಗರಕ್ಕೆ ಬಂದಿಳಿದ ದಿನ ನನ್ನ ತಂಗಿ ನೀಲಮ್ಮ ನಡುಬೀದಿಯಲ್ಲಿ ತಡೆದು ಕುಳಿತಳು. “ಅಣ್ಣ, ಎದುರ್ಗಡೆಯಿಂದ ಇನ್ನೊಬ್ಳು ನನ್ನಂಗೇ ಬತ್ತಾವ್ಳೆ ಕಣ,” ಎಂದಳು.

ಬೀದಿ ಖಾಲಿಯಾಗಿತ್ತು. ಚಿಕ್ಕಂದಿನ ಜ್ವರದಲ್ಲಿ ಅವಳ ಕಾಲುಗಳು ಸೊರಗಿದ್ದವು. ಎರಡು ಕೈಗೂ ಮರದ ಹಾವುಗೆ ಹಾಕಿಕೊಂಡು, ಅವನ್ನು ನೆಲಕ್ಕೆ ಊರಿ ಮೈಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಆ ಟಕ್ ಟಕ್ ಸದ್ದೇ ಎದುರಿನ ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ನಮ್ಮ ಬೆಟ್ಟದಪುರದಲ್ಲಿ ಜಗಲಿಗೆ ಜಗಲಿ ತಾಗಿದೆ, ಯಾವ ಸದ್ದೂ ಯಾರದೋ ಮಾತಿನಲ್ಲಿ ಮುಳುಗಿಹೋಗುತ್ತದೆ. ಇದು ಹಳೆಯ ಊರನ್ನು ಹೊಳೆ ನುಂಗಿದ ಮೇಲೆ ಗೆರೆ ಎಳೆದು ಕಟ್ಟಿದ ಊರು. ಬೀದಿಗಳು ಅಗಲ, ನೇರ, ಒಂದರಂತೆ ಒಂದು.

ನನಗೆ ಅಕ್ಕಿ ಗಿರಣಿಯಲ್ಲಿ ಗುಮಾಸ್ತೆ ಕೆಲಸ. ಮನೆ ಸಿಗುವುದು ಕಷ್ಟವಾಯಿತು. ನೀಲಮ್ಮ ಹೊಸ್ತಿಲ ಮೇಲೆ ಕೂರದೆ ದಾಟಲಾರಳು, ಅದು ಕೇಡು ಎಂದು ಇಬ್ಬರು ಬಾಡಿಗೆಗೆ ಕೊಡಲಿಲ್ಲ. ಕೊನೆಗೆ ಸಿಕ್ಕಿದ ಮನೆಗೆ ಹೊಸ್ತಿಲೇ ಇರಲಿಲ್ಲ. ಹಿಂದೆ ಅದು ಸೌದೆ ಒಟ್ಟುವ ಕೊಟ್ಟಿಗೆಯಾಗಿತ್ತು.

ಬೆಟ್ಟದಪುರದಲ್ಲಿ ಊರಿನವರಾದ ನೀವು ಯಾರಾದರೂ ಅವಳನ್ನು ಎತ್ತಿಕೊಂಡು ಒಯ್ಯುತ್ತಿದ್ದಿರಿ. ಇಲ್ಲಿ ಯಾರೂ ಮುಟ್ಟಲಿಲ್ಲ. ನನಗೆ ನೋವಾಯಿತು, ಅವಳಿಗಾಗಲಿಲ್ಲ. “ಅಲ್ಲಿ ಮೂಟೆ ಹೊತ್ತಂಗೆ ಹೊರ್ತಿದ್ರು. ಎಲ್ಲಿಗೆ ಅಂತ ನನ್ನ ಕೇಳ್ತಿದ್ರಾ? ಇಲ್ಲಿ ಹೊರೋರಿಲ್ಲ, ದಾರಿನಾದ್ರೂ ಕೇಳ್ಬೌದು ಬುಡು.”

ಕೇಳಿದಳು. ಪೇಟೆಯ ವಾಚನಾಲಯಕ್ಕೆ ಐದು ಕಲ್ಲು ಮೆಟ್ಟಿಲು. ಅಲ್ಲಿನ ಜವಾನ ಚಿಕ್ಕಣ್ಣ, “ಹಾವುಗೆ ಆಚೆ ಬುಡವ್ವ, ಮೆಟ್ಟು ಒಳಗೆ ತರಂಗಿಲ್ಲ,” ಎಂದ.

“ಅಂಗಾರೆ ಕೈನೂ ಇಲ್ಲೇ ಬುಟ್ಟು ಬರ್ಲಾ?” ಎಂದಳು ನೀಲಮ್ಮ.

ಪತ್ರಿಕೆಯನ್ನು ಕೆಳಗೇ ತಂದುಕೊಡುತ್ತೇನೆ ಎಂದು ಚಿಕ್ಕಣ್ಣ ಹೇಳಿದರೂ ಒಪ್ಪಲಿಲ್ಲ. ಅವಳಿಗೆ ಎಲ್ಲರಂತೆ ಒಳಗೆ ಕುಳಿತು ಓದಬೇಕಿತ್ತು. ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಕಟ್ಟಿಸಿಕೊಡಿ ಎಂದು ತಾನೇ ಅರ್ಜಿ ಬರೆದಳು.

ಒಪ್ಪಿಗೆ ಬರುವ ಮೊದಲೇ ಆಷಾಢದ ಜ್ವರ ಅವಳನ್ನು ಒಯ್ದಿತು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತೇವಲ್ಲ, ಆ ಗುಂಡಿಯೊಳಗೆ ಮಾತ್ರ ಅವಳು ಎಲ್ಲರಂತೆ ಕುಳಿತಿದ್ದಳು.

ಎರಡು ತಿಂಗಳಾದ ಮೇಲೆ ಒಪ್ಪಿಗೆ ಬಂದು, ಗಾರೆ ಕೆಲಸದ ಮಾದಪ್ಪ ಇಳಿಜಾರು ಕಟ್ಟತೊಡಗಿದ. ನೋಡಲು ಹೋದೆ. ಚಪ್ಪಡಿ ಹಾಸಿಯಾಗಿತ್ತು, ಸಂದಿಗೆ ಗಾರೆ ತುಂಬಿದರೆ ಮುಗಿಯಿತು. ಆದರೆ ತೀರ ಕಡಿದಾಗಿ ಕಂಡಿತು. ಮಾದಪ್ಪ ಬೇರೆ ಊರಿನವನು, ನೀಲಮ್ಮ ಸತ್ತದ್ದು ಅವನಿಗೆ ತಿಳಿಯದು. “ಹತ್ತೋರ್ನ ಕರ್ಕಬನ್ನಿ ಸ್ವಾಮಿ, ಸರಿ ಐತಾ ನೋಡಾಣ,” ಎಂದ.

ಹಾಗೆಯೇ ಬಿಟ್ಟರೆ ಅದು ಯಾರೂ ಹತ್ತಲಾರದ ಇಳಿಜಾರಾಗಿ ಉಳಿಯುತ್ತಿತ್ತು. ಮನೆಗೆ ಹೋಗಿ ಅವಳ ಹಾವುಗೆ ತಂದೆ. ಕೈಗೆ ಹಾಕಿಕೊಂಡು ನೆಲಕ್ಕೆ ಕುಳಿತೆ, ಕಾಲುಗಳನ್ನು ನನ್ನವಲ್ಲ ಎಂಬಂತೆ ಬಿಟ್ಟೆ. ಟಕ್ ಟಕ್. ಆಚೆ ಗೋಡೆಯ ಕಡೆಯಿಂದ ಇನ್ನೊಂದು ಸದ್ದು ಬಂತು.

ಎದುರಿನ ಬಳೆ ಅಂಗಡಿಯ ಸಾಕಮ್ಮ ಒಳಗಿನಿಂದಲೇ, “ನೀಲವ್ವ, ಬಿಸ್ಲು ಕಣವ್ವ, ನೆಳ್ಳಲ್ಲಿ ಬಾ,” ಎಂದಳು. ದಿನವೂ ಹೇಳುತ್ತಿದ್ದ ಮಾತು. ಆಮೇಲೆ ಅಂಗಡಿಯೊಳಗೆ ಬಳೆಯ ಸದ್ದೂ ನಿಂತಿತು.

ನಾನು ಅರ್ಧಕ್ಕೆ ಜಾರಿ ಬಿದ್ದೆ. “ಇದು ನನ್ನ ತೋಳಿಗಾಗಲ್ಲ, ಇನ್ನೂ ಉದ್ದ ಎಳೀರಿ,” ಎಂದೆ. ಹೇಳಿದವನು ನಾನೇ, ಆದರೆ ಯಾರ ತೋಳಿನ ಮಾತು ಹೇಳಿದೆನೋ ತಿಳಿಯಲಿಲ್ಲ. ಮಾದಪ್ಪ ಚಪ್ಪಡಿ ಕಿತ್ತ.

ಮೂರನೆಯ ದಿನ ಹತ್ತಿದೆ. ಚಿಕ್ಕಣ್ಣ ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತ. ಹಾಗೆಯೇ ಒಳಗೆ ಹೋದೆ. ಪತ್ರಿಕೆಗಳೆಲ್ಲ ಎತ್ತರದ ಮೇಜಿನ ಮೇಲಿದ್ದವು. ಕುಳಿತವನ ಕೈಗೆ ಎಟುಕಲಿಲ್ಲ.

ಚಿಕ್ಕಪ್ಪ ಬರೆದಿದ್ದಾರೆ: ಅವಳೇ ಇಲ್ಲ, ಅಲ್ಲಿ ನಿನಗೇನು ಕೆಲಸ, ಊರಿಗೆ ಬಾ. ಊರು ಎಂದರೆ ನನಗೂ ಬೆಟ್ಟದಪುರವೇ. ಆದರೆ ತಗ್ಗಿನ ಮೇಜಿಗಾಗಿ ನಿನ್ನೆ ಅರ್ಜಿ ಬರೆದೆ. ಪರವೂರಿನವನ ಅರ್ಜಿಯನ್ನು ಯಾರು ನೋಡುತ್ತಾರೆ ಎಂದು, ಹೆಸರಿನ ಕೆಳಗೆ ಕೃಷ್ಣರಾಜನಗರ ಎಂದು ಹಾಕಿದೆ. ಚಿಕ್ಕಪ್ಪನಿಗೆ ಉತ್ತರ ಬರೆಯಲು ಕುಳಿತಾಗ, ಕಾಗದದ ತಲೆಯಲ್ಲಿ ಅದೇ ಊರಿನ ಹೆಸರು ಬರೆಯಲು ಕೈ ಏಳಲಿಲ್ಲ. ಆ ಕಾಗದ ಇನ್ನೂ ಖಾಲಿಯಿದೆ.