ಕಂಪ್ಯೂಟರಿಗೆ ಹೊಲಿದ ಗವುಸು

ಯುಗಾದಿಗೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ನಮ್ಮ ಇಂದು ನನ್ನ ಟ್ರಂಕಿಗೆ ಕೈ ಹಾಕಿದಳು. ಇಂದು ನನ್ನ ತಮ್ಮ ವಾಸುವಿನ ಹೆಂಡತಿ. ನಾನು ಮದುವೆಯಾಗದೆ ಇದೇ ವಾಡಿಯ ಮನೆಯಲ್ಲಿ ಉಳಿದವಳು, ಅವಳು ಮದುವೆಯಾಗಿ ಈ ಮನೆಗೆ ಬಂದವಳು; ಹಾಗಾಗಿ ಮನೆ ಯಾರದು ಎಂಬ ಪ್ರಶ್ನೆಯನ್ನು ನಾವಿಬ್ಬರೂ ಬಹಳ ಹಿಂದೆಯೇ ಕೈಬಿಟ್ಟಿದ್ದೇವೆ. ಟ್ರಂಕಿನ ಮುಚ್ಚಳ ಎತ್ತಿದೊಡನೆ ಮೊದಲು ಡಾಂಬರು ಗುಳಿಗೆಯ ವಾಸನೆ ಬಂತು, ಅದರ ಹಿಂದೆ ಹಳೆಯ ಧೂಳಿನದು. ಅದರ ಅಡಿಯಲ್ಲಿ, ನನ್ನ ಮೂಗಿಗೆ ಮಾತ್ರ ತಿಳಿಯುವಂತೆ, ಕಾದ ತಂತಿಯ ವಾಸನೆ. ತಳದಲ್ಲಿ ಮಡಚಿಟ್ಟಿದ್ದ ತಿಳಿನೀಲಿ ಬಟ್ಟೆಯೊಂದನ್ನು ಇಂದು ಬೆಳಕಿಗೆ ಹಿಡಿದಳು.

"ಅಕ್ಕಾರೆ, ಈ ನವಿಲಿನ ಬಾಲ ಯಾಕ ಅರ್ಧ ಅದ? ನೀವು ಕಸೂತಿ ಅರ್ಧಕ್ಕ ಬಿಡೋರಲ್ಲಲಾ."

ಅಲ್ಲ, ನಾನು ಅರ್ಧಕ್ಕೆ ಬಿಟ್ಟಿರಲಿಲ್ಲ. ಆ ಬಾಲ ಒಂದು ಕಾಲದಲ್ಲಿ ಪೂರ್ತಿ ಇತ್ತು. ಉಳಿದರ್ಧ ಎಲ್ಲಿ ಹೋಯಿತು ಎಂದು ಹೇಳಬೇಕಾದರೆ ನಿಮ್ಮನ್ನು ಸ್ವಲ್ಪ ಹಿಂದಕ್ಕೆ ಕರೆದುಕೊಂಡು ಹೋಗಬೇಕು. ಅವಸರವಿಲ್ಲದಿದ್ದರೆ ಕುಳಿತುಕೊಳ್ಳಿ.

ನಮ್ಮ ವಾಡಿಯನ್ನು ನೀವು ರೈಲು ಬದಲಿಸುವಾಗ ನೋಡಿರುತ್ತೀರಿ. ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿದು ಹೋದವರಿಗೆ ಇಲ್ಲಿನ ಧೂಳು ಗೊತ್ತಾಗುವುದಿಲ್ಲ. ಅದು ಸಿಮೆಂಟಿನ ಧೂಳು, ಬಹಳ ಸಭ್ಯ ಧೂಳು. ಬಾಗಿಲು ಬಡಿಯದೆ ಒಳಗೆ ಬರುತ್ತದೆ. ಬೆಳಿಗ್ಗೆ ಬಿಳಿ ಸೀರೆ ಒಣಹಾಕಿದರೆ ಸಂಜೆ ಬೂದಿ ಬಣ್ಣದ ಸೀರೆ ಒಳಗೆ ತರುತ್ತೇವೆ. ಆದ್ದರಿಂದ ನಮ್ಮ ಕಡೆಯ ಹೆಂಗಸರಿಗೆ ಎಲ್ಲದಕ್ಕೂ ಗವುಸು ಹೊಲಿಯುವ ಚಟ. ರೇಡಿಯೊಗೆ ಗವುಸು, ಮಿಕ್ಸಿಗೆ ಗವುಸು, ಟಿವಿಗೆ ಜಾಲರಿ ಹಚ್ಚಿದ ಗವುಸು. ನಮ್ಮ ಅವ್ವ ದೇವರ ಗಂಟೆಗೂ ಒಂದು ಹೊಲಿದಿದ್ದಳು. ಮನೆಗೆ ಹೊಸ ಸಾಮಾನು ಬಂದರೆ ನಾವು ಮೊದಲು ಕೇಳುವುದು ಅದು ಹೇಗೆ ನಡೆಯುತ್ತದೆ ಎಂದಲ್ಲ, ಅದರ ಅಳತೆ ಎಷ್ಟು ಎಂದು.

ಇದರ ಮೇಲೆ ನಾನು ಕಾನ್ವೆಂಟಿನಲ್ಲಿ ಕಲಿತವಳು. ನಮಗೆ ನೀಡಲ್‌ವರ್ಕ್ ಹೇಳಿಕೊಡುತ್ತಿದ್ದ ಸಿಸ್ಟರ್ ಅಗಾಥಾ ಕಸೂತಿಯನ್ನು ಎಂದೂ ಮುಂಭಾಗದಿಂದ ನೋಡಿದವರಲ್ಲ. ಬಟ್ಟೆಯನ್ನು ತಿರುಗಿಸಿ ಹಿಂಭಾಗ ನೋಡುತ್ತಿದ್ದರು. ಅಲ್ಲಿ ದಾರದ ತುದಿ ಒಂದು ನೇತಾಡುತ್ತಿದ್ದರೂ ಸಾಕು, ಪೂರ್ತಿ ಬಿಚ್ಚಿಸುತ್ತಿದ್ದರು. ನಾನು ಅವರ ಬೆಸ್ಟ್ ಪ್ಯೂಪಿಲ್ ಎಂದು ಮೂವತ್ತು ವರ್ಷ ನನ್ನ ವಿದ್ಯಾರ್ಥಿನಿಯರಿಗೆ ಹೇಳಿಕೊಂಡು ತಿರುಗಿದ್ದೇನೆ. ಫ್ರಾಂಕ್ಲಿ, ಸೆಕೆಂಡ್ ಬೆಸ್ಟ್ ಇರಬಹುದು.

ನನಗೆ ಇನ್ನೊಂದು ಚಟವೂ ಇತ್ತು, ಅದು ಗ್ಯಾಜೆಟ್ಸ್. ಒಂಟಿ ಹೆಂಗಸು, ಕೈಯಲ್ಲಿ ಸಂಬಳ, ಬಂಗಾರದ ಮೇಲೆ ಆಸೆಯಿಲ್ಲ. ಮತ್ತೇನು ಕೊಳ್ಳಬೇಕು ಹೇಳಿ. ಒಮ್ಮೆ ಇದೇ ಜಂಕ್ಷನ್ನಿನಲ್ಲಿ, ಹೊರಟ ರೈಲಿನ ಕಿಟಕಿಯಿಂದ ಕೈ ಚಾಚಿ ಡಿಜಿಟಲ್ ಡೈರಿ ಕೊಂಡೆ. ಎಲ್ಲರ ಫೋನ್ ನಂಬರು, ಎಲ್ಲರ ಬರ್ತ್‌ಡೇ ಅದರೊಳಗೆ ತುಂಬಿಸಿ, ಪೇಪರಿನ ಡೈರಿಯನ್ನು ಹೆಮ್ಮೆಯಿಂದ ಒಲೆಗೆ ಹಾಕಿದೆ. ಮೂರು ತಿಂಗಳಿಗೆ ಅದರ ಸೆಲ್ ತೀರಿತು, ಜೊತೆಗೆ ನನ್ನ ಬಂಧುಬಳಗವೂ ತೀರಿತು. ನಾಲವಾರದ ಮಠದಲ್ಲಿ ಸಿಕ್ಕ ಗೆಳತಿಯೊಬ್ಬಳಿಗೆ ಅವಳ ನಂಬರನ್ನೇ ಕೇಳಲು ನಾಚಿಕೆಯಾಗಿ, ಚೀಟಿಯಲ್ಲಿ ನನ್ನದು ಬರೆದುಕೊಟ್ಟು ಬಂದೆ. ಸ್ಕ್ಯಾನರ್ ಒಂದು ಕೊಂಡಿದ್ದೆ; ಅದರ ಮುಚ್ಚಳದ ಕೆಳಗೆ ಇಂದು ಹಪ್ಪಳ ಸಪಾಟಾಗಲೆಂದು ಇಡುತ್ತಿದ್ದಳು. ಅದು ಮಾಡಿದ ಉಪಕಾರ ಅಷ್ಟೇ.

ರಿಟೈರ್ ಆದ ವರ್ಷ ಕಂಪ್ಯೂಟರ್ ಬಂತು. ವಾಸು ಆಗ ಚಿತ್ತಾಪುರದ ತಾಲೂಕು ಕಚೇರಿಯಲ್ಲಿದ್ದ. ಬೇಡ ಅಕ್ಕಾ, ಕಚೇರಿಯಲ್ಲಿರುವ ಮೂರು ಕಂಪ್ಯೂಟರ್ ನೋಡಿಯೇ ನನಗೆ ಸಾಕಾಗಿದೆ ಎಂದ. ನಾನು ಕೇಳಲಿಲ್ಲ. ನಡುಮನೆಯ ಶಹಾಬಾದ ಕಲ್ಲಿನ ಕಟ್ಟೆಯ ಮೇಲೆ ಅದನ್ನು ಕೂರಿಸಿ, ಆ ವಾರವೇ ಗವುಸಿಗೆ ಅಳತೆ ತೆಗೆದೆ. ಪರದೆಗೆ ಒಂದು, ಕೀಲಿಮಣೆಗೆ ಒಂದು. ಸಿಪಿಯುವಿನ ನಿಂತ ಡಬ್ಬಿಗೆ ಮಾತ್ರ ವಿಶೇಷವಾದದ್ದು: ದಪ್ಪ ಬಟ್ಟೆ, ಒಳಗೆ ಅಸ್ತರು, ಬದಿಗೆ ರೇಷ್ಮೆ ದಾರದ ನವಿಲು. ಧೂಳು ಹೋಗಬಾರದೆಂದು ಮುಂದುಗಡೆ ಗುಂಡಿ ಒತ್ತುವಷ್ಟು ಮಾತ್ರ ಒಂದು ಕಿಟಕಿ ಬಿಟ್ಟೆ. ಕಂಪ್ಯೂಟರ್ ಚಾಲೂ ಇದ್ದಾಗಲೂ ಗವುಸು ತೆಗೆಯುತ್ತಿರಲಿಲ್ಲ. ತೆಗೆದರೆ ಧೂಳು ಹೋಗುವುದಿಲ್ಲವೆ? ನೀವು ನಗುತ್ತಿದ್ದೀರಿ. ನಮ್ಮ ಓಣಿಯಲ್ಲಿ ಆಗ ಯಾರೂ ನಗಲಿಲ್ಲ. ನಾಲ್ಕು ಮನೆಯವರು ಬಂದು ಅಳತೆ ತೆಗೆದುಕೊಂಡು ಹೋದರು.

ಚಳಿಗಾಲದಲ್ಲಿ ಅವ್ವ ಒಂದು ಶೋಧನೆ ಮಾಡಿದಳು. ಕಂಪ್ಯೂಟರ್ ಒಂದು ತಾಸು ನಡೆದರೆ ಅದರ ನೆತ್ತಿ ಬೆಚ್ಚಗಾಗುತ್ತಿತ್ತು. ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಆ ನವಿಲಿನ ಮೇಲೆ ಇಡತೊಡಗಿದಳು. ಚಾಕುವಿನಿಂದ ಕೊಯ್ಯುವಂಥ ಮೊಸರು. ನನ್ನ ಎಲ್ಲ ಖರೀದಿಗಳಲ್ಲಿ ಅವ್ವ ಮನಸಾರೆ ಹೊಗಳಿದ್ದು ಇದೊಂದನ್ನೇ. ಯಂತ್ರ ಯಾಕೆ ಅಷ್ಟು ಬಿಸಿಯಾಗುತ್ತಿದೆ ಎಂದು ಇಂಗ್ಲಿಷ್ ಎಂ.ಎ. ಆದ ನಾನು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಅದೇ ಚಳಿಗಾಲದಲ್ಲಿ ಒಂದು ಮೈಕ್ ಕೊಂಡೆ. ಅವ್ವನಿಗೆ ಹಾಡುಗಳು ಬಹಳ ಬರುತ್ತಿದ್ದವು: ಬೀಸುವ ಹಾಡು, ಹಸೆಗೆ ಕರೆಯುವ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು. ಮಳಖೇಡದ ಆರಾಧನೆಗೆ ಹೋದರೆ ಹೆಂಗಸರು ಅವಳನ್ನು ಸುತ್ತುಗಟ್ಟಿ ಕೂರುತ್ತಿದ್ದರು. ಅವನ್ನೆಲ್ಲ ರೆಕಾರ್ಡ್ ಮಾಡೋಣ ಎಂದೆ. ಮೈಕಿನ ಮುಂದೆ ಕುಳಿತ ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಪರಪುರುಷನ ಮುಂದೆ ಕುಳಿತ ಹಾಗೆ. ಪ್ರತಿ ಹಾಡಿಗೂ ಮೊದಲು ಕೊರಳು ಮುಂದೆ ಮಾಡಿ, ದನಿ ತಗ್ಗಿಸಿ ಒಂದೇ ಪ್ರಶ್ನೆ.

"ಚಾಲೂ ಅದನೋ ಇಲ್ಲೋ?"

"ಚಾಲೂ ಅದ. ಹಾಡವ್ವಾ," ಎನ್ನುತ್ತಿದ್ದೆ ನಾನು.

ಆ ಪ್ರಶ್ನೆ, ನನ್ನ ಉತ್ತರ, ನಡುವೆ ಹಾದುಹೋದ ಗೂಡ್ಸ್ ರೈಲು, ಎಲ್ಲವೂ ರೆಕಾರ್ಡ್ ಆದವು. ಆಮೇಲೆ ಕತ್ತರಿಸಿ ನೀಟ್ ಮಾಡಬೇಕು ಎಂದುಕೊಂಡಿದ್ದೆ. ಸಿಡಿಗೆ ಹಾಕುವ ಯಂತ್ರವೂ ಬಂದಿತ್ತು, ಅದಕ್ಕೆ ಗವುಸೂ ಆಗಿತ್ತು.

ಪುಷ್ಯ ಮಾಸದಲ್ಲಿ ಅವ್ವ ಹೋದಳು. ಎರಡು ದಿನದ ಜ್ವರ, ಅಷ್ಟೇ. ಹಾಡು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಸಂವತ್ಸರದ ಶ್ರಾದ್ಧ ಮುಗಿಯುವವರೆಗೆ ಮನೆಯಲ್ಲಿ ಹಾಡು ಬೇಡ, ಅದಾದ ಮೇಲೆ ಎಲ್ಲರೂ ಕೂತು ಕೇಳಿ ಸಿಡಿ ಮಾಡಿ ಹಂಚೋಣ ಎಂದು ತೀರ್ಮಾನವಾಯಿತು. ಕಂಪ್ಯೂಟರಿನ ಒಳಗೆ ಅವ್ವ ಇದ್ದಾಳೆ, ಎಲ್ಲಿ ಹೋಗುತ್ತಾಳೆ ಎಂಬ ನಂಬಿಕೆ.

ಮೇ ತಿಂಗಳ ಒಂದು ಮಧ್ಯಾಹ್ನ ನಾನು ಪತ್ರ ಟೈಪ್ ಮಾಡುತ್ತಿದ್ದೆ. ಚಿತ್ತಾಪುರದಿಂದ ಬಿಸಿಲಲ್ಲಿ ಬೆಂದು ಬಂದ ವಾಸು ಕೈಕಾಲು ತೊಳೆದು, ಅದೇ ಬೋರ್ಡಿನಲ್ಲಿದ್ದ ಕೂಲರಿನ ಸ್ವಿಚ್ ಒತ್ತಿದ. ಚಟ್ ಎಂದಿತು. ಪರದೆ ಕಪ್ಪಾಯಿತು. ಕಾದ ತಂತಿಯ ವಾಸನೆ ಬಂತು. ವಾಸು ಕೈಯನ್ನು ಸ್ವಿಚ್ಚಿನ ಮೇಲೆ ಇಟ್ಟುಕೊಂಡೇ ನಿಂತಿದ್ದ.

ಡಬ್ಬಿಯನ್ನು ಶಹಾಬಾದದ ರಿಪೇರಿ ಅಂಗಡಿಗೆ ಕಳಿಸಿದೆವು. ಮೂರನೇ ದಿನ ನಾನೊಬ್ಬಳೇ ಹೋದೆ. ಅಂಗಡಿಯ ಖಾದರ್ ಸಾಹೇಬರು ವಯಸ್ಸಾದವರು. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಒಂದು ಸಣ್ಣ ಫ್ಯಾನು ತೋರಿಸಿದರು. ಅದರ ನಡುವಿಗೆ ಮಯೂರನೀಲಿ ರೇಷ್ಮೆ ದಾರ ಗಂಟುಗಂಟಾಗಿ ಸುತ್ತಿಕೊಂಡಿತ್ತು.

"ಮೇಡಂ, ಇದು ಕರೆಂಟಿಗೆ ಹೋಗಿಲ್ರಿ. ಪಂಖಾ ನಿಂತು ಭಾಳ ದಿನಾ ಆಗ್ಯದ. ಉಸಿರು ಕಟ್ಟಿ ಹೋಗ್ಯದ ಪಾಪ. ಇದರ ಮ್ಯಾಲ ಏನ ಹೊಚ್ಚಿದ್ರಿ?"

ಅದಕ್ಕೆ ನಾನು, ಒಳಗಿನ ಹಾಡುಗಳು ಬರುತ್ತವೆಯೇ ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಕಲಬುರಗಿಯಲ್ಲೂ ತೋರಿಸಿದೆವು, ಹೈದರಾಬಾದಿಗೂ ಕಳಿಸಿದೆವು; ಎಲ್ಲ ಕಡೆಯಿಂದ ಅದೇ ತಲೆಯಾಡಿಸುವಿಕೆ.

ಶಹಾಬಾದದಿಂದ ಮರಳಿ ಅಂದು ವಾಡಿಯಲ್ಲಿ ಇಳಿದಾಗ ವಾಸು ಪ್ಲಾಟ್‌ಫಾರ್ಮಿಗೇ ಬಂದಿದ್ದ. ದಾರಿಯುದ್ದಕ್ಕೂ ನಾನು ವಾಕ್ಯ ಜೋಡಿಸಿಕೊಂಡು ಬಂದಿದ್ದೆ. ನಾನು ಗ್ರಾಮರ್ ಟೀಚರ್, ವಾಕ್ಯ ಸಿದ್ಧವಾಗಿತ್ತು. ಅವನೇ ಮೊದಲು ಮಾತಾಡಿದ.

"ಏನಂದ್ರು? ಉಳೀಲಿಲ್ಲ ಹೌದಿಲ್ಲೋ? ಅವ್ವಗ ಎರಡು ಸಲ ಕೊಳ್ಳಿ ಇಟ್ಟಂಗಾತು ನೋಡಕ್ಕಾ ನಾ."

ಆಗ ನಾನೇನು ಹೇಳಿದೆ ಗೊತ್ತೇ? "ಇರ್ಲಿ ಬಿಡೋ ವಾಸೂ. ನೀ ಏನ ಬೇಕಂತ ಮಾಡಿದ್ದೇನು?" ಎಂದೆ.

ನನ್ನ ತಪ್ಪಿಗೆ ಅವನನ್ನು ಕ್ಷಮಿಸಿಬಿಟ್ಟೆ. ಈ ಕ್ಷಮೆಗೆ ಸೇಡಂನಿಂದ ಚಿಂಚೋಳಿಯವರೆಗಿನ ನಮ್ಮ ಬಳಗದಲ್ಲೆಲ್ಲ ಹೆಸರು ಬಂತು. ಎಷ್ಟು ದೊಡ್ಡ ಮನಸ್ಸು, ಒಂದು ಮಾತೂ ಬೈಯಲಿಲ್ಲವಂತೆ ಎಂದರು. ನಾನು ಕಣ್ಣು ತಗ್ಗಿಸಿ ಕೇಳಿಸಿಕೊಂಡೆ. ಅದನ್ನೂ ವಿನಯವೆಂದೇ ತಿಳಿದರು.

ಮನೆಯಲ್ಲಿ ಅಂದಿನಿಂದ ವಾಸುವಿನ ಕಾನೂನು ಜಾರಿಗೆ ಬಂತು. ಕೂಲರ್ ಚಾಲೂ ಆದರೆ ಬೇರೆ ಯಾವುದೂ ಚಾಲೂ ಇರಬಾರದು. ಟಿವಿ ಬಂದ್, ಫ್ರಿಜ್ಜಿನ ಪ್ಲಗ್ ಹೊರಗೆ, ಮುಂದೆ ಮೊಬೈಲು ಬಂದ ಮೇಲೆ ಅದರ ಚಾರ್ಜರೂ ಹೊರಗೆ. ಇಂದು ಚಂದ್ರಂಪಳ್ಳಿಯ ಕೆರೆಯ ಗಾಳಿಯಲ್ಲಿ ಬೆಳೆದವಳು. ಅವಳಿಗೆ ನಮ್ಮ ಬೇಸಿಗೆಯೇ ಒಂದು ಶಿಕ್ಷೆ. ಆ ಬೇಸಿಗೆಯಲ್ಲಿ ಅವಳು ಒಂದೋ ಧಾರಾವಾಹಿ ನೋಡಬೇಕು, ಇಲ್ಲವೋ ಗಾಳಿ ತಗೊಳ್ಳಬೇಕು. ಹೆಚ್ಚಾಗಿ ಧಾರಾವಾಹಿಯನ್ನೇ ಆರಿಸಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂರುತ್ತಿದ್ದಳು. ನಂತರ ಮನೆಯ ವೈರಿಂಗ್ ಪೂರಾ ಬದಲಾಯಿತು. ಕಾನೂನು ಬದಲಾಗಲಿಲ್ಲ.

ಯಂತ್ರಗಳೆಂದರೆ ಮೂಗು ಮುರಿಯುತ್ತಿದ್ದ ವಾಸು ತಾನೇ ಕೊಳ್ಳಲು ಶುರು ಮಾಡಿದ. ಒಂದು ವರ್ಷ ಸ್ಟೆಬಿಲೈಸರ್, ಮರುವರ್ಷ ಯುಪಿಎಸ್, ಆಮೇಲೆ ಕೆಂಪು ದೀಪದ ಬೋರ್ಡು, ಅದನ್ನು ಕಾಯಲು ಇನ್ನೊಂದು ಸ್ಟೆಬಿಲೈಸರ್. ಕಾಯಬೇಕಾದ ಕಂಪ್ಯೂಟರ್ ಮನೆಯಲ್ಲಿಲ್ಲ, ಕಾವಲುಗಾರರಿಂದ ಅಟ್ಟ ತುಂಬಿತು. ಹೊಸದೊಂದು ತಂದಾಗಲೆಲ್ಲ ನನ್ನ ಮುಂದೆ ಇಟ್ಟು, "ಅಕ್ಕಾ, ಇದು ಅವಾಗ ಇದ್ದಿದ್ರ" ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದ. ನಾನು ಕೊಂಡದ್ದರ ಬಗ್ಗೆ ನನಗೆ ಪಶ್ಚಾತ್ತಾಪ ಉಂಟು. ಆದರೆ ಅವನು ಕೊಂಡ ಒಂದೊಂದನ್ನು ನೋಡಿದಾಗ ಆಗುತ್ತಿದ್ದುದಕ್ಕೆ ಬೇರೆ ಶಬ್ದ ಬೇಕು, ನನ್ನ ಎರಡು ಭಾಷೆಗಳಲ್ಲೂ ಅದು ಸಿಗಲಿಲ್ಲ.

ಕಾನ್ವೆಂಟಿನ ಚಾಪೆಲಿನಲ್ಲಿ ಪರದೆ ಹಾಕಿದ ಒಂದು ಮರದ ಗೂಡು ಇತ್ತು. ಕ್ಯಾಥಲಿಕ್ ಹುಡುಗಿಯರು ಒಳಗೆ ಮಂಡಿಯೂರಿ ತಮ್ಮ ತಪ್ಪನ್ನು ಪಾದ್ರಿಗೆ ಪಿಸುಗುಟ್ಟಿ, ಹಗುರವಾಗಿ ಹೊರಗೆ ಬರುತ್ತಿದ್ದರು. ನನಗೆ ಅವರ ಮೇಲೆ ವಿಪರೀತ ಹೊಟ್ಟೆಕಿಚ್ಚು. ನಮ್ಮಲ್ಲಿ ಪಂಚಗವ್ಯ ಕುಡಿದರೆ ಆಯಿತು. ಏನು ಮಾಡಿದೆ ಎಂದು ಯಾರೂ ಕೇಳುವುದಿಲ್ಲ. ವಾಸುವಿನಿಂದ ಮುಚ್ಚಿಟ್ಟಾಗ ಅದೇ ಅನುಕೂಲ ಎನಿಸಿತ್ತು.

ಈಗ ಇಂದು ಗವುಸು ಹಿಡಿದು ನಿಂತಿದ್ದಾಳೆ. ವಾಸು ಅಟ್ಟದಿಂದ ಸ್ಟೆಬಿಲೈಸರ್ ಇಳಿಸಿ, ಗುಜರಿಗೆ ಕೊಡಲೋ ಬೇಡವೋ ಎಂದು ಒರೆಸುತ್ತ ಕೂತಿದ್ದಾನೆ. ಎಪ್ಪತ್ತು ದಾಟಿದ ನನ್ನ ಚಿಕ್ಕ ತಮ್ಮ. ಇಪ್ಪತ್ತು ವರ್ಷ ಹಳೆಯ ವಾಕ್ಯ ನೆನಪಾಗಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

"ವಾಸೂ, ಆ ಕಂಪ್ಯೂಟರ್ ನಿನ್ನ ಕೂಲರಿಗೆ ಹೋಗಿದ್ದಲ್ಲೋ. ಈ ನವಿಲಿನ ದಾರ ಅದರ ಪಂಖಾಕ್ಕ ಸುತ್ತಿತ್ತು. ನಾ ಹೊಚ್ಚಿದ್ದಕ್ಕ ಅದು ಬೆಂದು ಹೋತು."

ಅವನು ಒರೆಸುವುದನ್ನು ನಿಲ್ಲಿಸಿದ. "ಯಾವಾಗ ಗೊತ್ತಾತು?"

"ಅವಾಗೇ. ನೀ ಸ್ಟೇಶನ್ನಿಗೆ ಬಂದಿದ್ದಿ ನೋಡು, ಅದಕ್ಕೂ ಮೊದಲ."

ವಾಸು ಗವುಸನ್ನು ಇಂದುವಿನ ಕೈಯಿಂದ ತೆಗೆದುಕೊಂಡ. ಬಾಲವನ್ನು ನೋಡಲಿಲ್ಲ, ಬಟ್ಟೆಯನ್ನು ತಿರುಗಿಸಿದ. ಅಸ್ತರು ಒಂದು ಕಡೆ ಹೊಲಿಗೆ ಬಿಟ್ಟು ಜೋತಿತ್ತು. ಅದರ ಹಿಂದೆ, ನಾನು ಮುಚ್ಚಿ ಮರೆಸಿದ್ದ ದಾರದ ಉದ್ದುದ್ದ ತುದಿಗಳು. ಸಿಸ್ಟರ್ ಅಗಾಥಾ ಕೂಡ ಅಷ್ಟು ಹೊತ್ತು ನೋಡುತ್ತಿರಲಿಲ್ಲ.

"ಅಂದ್ರ ಇಪ್ಪತ್ತು ಬ್ಯಾಸಗಿ ನಾ ಪುಕ್ಕಟ ಬೆವತೀನಿ?" ಎಂದಳು ಇಂದು. ನಗಲೆಂದೇ ಹೇಳಿದಳು. ಯಾರೂ ನಗದಿದ್ದಾಗ ತಾನೇ ಒಳಗೆ ಹೋದಳು.

ವಾಸು ಆ ದಿನ ನನ್ನೊಡನೆ ಮಾತಾಡಲಿಲ್ಲ. ಊಟಕ್ಕೆ ಕೂತಾಗ ಮೊಸರನ್ನು ನನ್ನ ಕಡೆ ಸರಿಸಿದ, ದಿನದ ಹಾಗೆ. ಆದರೆ ಮುಖ ನೋಡಲಿಲ್ಲ. ಮರುದಿನ ಗುಜರಿಯವನು ಬಂದಾಗ ಸ್ಟೆಬಿಲೈಸರುಗಳನ್ನು ಒಂದೊಂದಾಗಿ ತಾನೇ ಹೊತ್ತು ಗಾಡಿಗೆ ಇಟ್ಟ. ಗವುಸನ್ನು ಕೊಡಲಿಲ್ಲ. ಅದು ನನ್ನ ಹಾಸಿಗೆಯ ಮೇಲಿತ್ತು, ಮಡಚಿ, ಹಿಂಭಾಗ ಮೇಲಾಗಿ.

ಮಧ್ಯಾಹ್ನ ಮೂರರ ಬಿಸಿಲು. ಇಂದುವಿನ ಧಾರಾವಾಹಿ ನಡೆದಿತ್ತು, ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ನಾನು ಅಸ್ತರು ಬಿಚ್ಚಿ ಆ ಹಳೆಯ ದಾರದ ತುದಿಗಳನ್ನು ಒಂದೊಂದಾಗಿ ಕಟ್ಟುತ್ತ ಕೂತಿದ್ದೆ. ವಾಸು ಎರಡು ಕೊಡ ನೀರು ತಂದು ಕೂಲರಿಗೆ ಸುರಿದ. ಟಿವಿಯ ಕಡೆ ನೋಡಿದ. ಇಂದು ರಿಮೋಟಿಗೆ ಕೈ ಹಾಕಿದಳು. ಅವನು ಬೇಡವೆಂದು ತಲೆಯಾಡಿಸಿ ಸ್ವಿಚ್ ಒತ್ತಿದ. ಚಟ್ ಎನ್ನಲಿಲ್ಲ. ಟಿವಿಯಲ್ಲಿ ಅತ್ತೆ ಸೊಸೆಯನ್ನು ಬೈಯುತ್ತಲೇ ಇದ್ದಳು. ಕೂಲರಿನಿಂದ ಮೊದಲು ಸದ್ದು ಬಂತು, ಗಾಳಿ ತಡವಾಯಿತು. ವಾಸು ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ, ಕೊರಳು ಮುಂದೆ ಮಾಡಿ, ದನಿ ತಗ್ಗಿಸಿ, ನಿನ್ನೆಯಿಂದ ಮೊದಲ ಬಾರಿಗೆ ನನ್ನನ್ನು ಕೇಳಿದ.

"ಚಾಲೂ ಅದನೋ ಇಲ್ಲೋ?"

ಸೂಜಿ ನನ್ನ ಕೈಯಲ್ಲಿ ನಿಂತಿತು.

"ಚಾಲೂ ಅದ," ಎಂದೆ. ಅವ್ವನಿಗೆ ಹೇಳುತ್ತಿದ್ದ ಮುಂದಿನ ಶಬ್ದ ನಾಲಿಗೆಯ ತುದಿಗೆ ಬಂದಿತ್ತು, ತಡೆದುಕೊಂಡೆ.