ಹೆಣ್ಣು ನೋಡಲು ಹೋಗಿ ಬಿದ್ದದ್ದು

ನನಗೆ ನಾರ್ಕೋಲೆಪ್ಸಿ ಇದೆ. ಹಗಲಲ್ಲೇ, ತಾಲ್ಲೂಕು ಪಂಚಾಯಿತಿ ಸಭೆಯ ವರದಿ ಬರೆದುಕೊಳ್ಳುತ್ತಿರುವಾಗಲೇ, ನಿದ್ದೆ ಎಳೆದುಬಿಡುತ್ತದೆ. ಅದರ ಜೊತೆಗೆ ಕ್ಯಾಟಪ್ಲೆಕ್ಸಿ. ಜೋರಾಗಿ ನಗು ಬಂದರೆ ಮೈ ಸಡಿಲವಾಗಿ ಕುಸಿಯುತ್ತೇನೆ. ಪ್ರಜ್ಞೆ ತಪ್ಪುವುದಿಲ್ಲ, ಕಿವಿ ಕೇಳುತ್ತಲೇ ಇರುತ್ತದೆ. ಮೈಸೂರಿನ ವೈದ್ಯರು ಈ ಹೆಸರುಗಳನ್ನು ಹೇಳಿದ ವರ್ಷವೇ ಗುಂಡ್ಲುಪೇಟೆಗೆ ಹೆಣ್ಣು ನೋಡಲು ಹೋದೆವು. ಆಗಿನ್ನೂ ನಾನು ಚಾಮರಾಜನಗರದಿಂದ ಸುದ್ದಿಯನ್ನು ಫ್ಯಾಕ್ಸ್ ಮಾಡುತ್ತಿದ್ದ ಕಾಲ.

ಬಸ್ಸಿನಲ್ಲಿ, ಕಾಯಿಲೆಯ ವಿಷಯ ಮೊದಲೇ ಹೇಳಿಬಿಡೋಣ ಎಂದೆ. ಸೋದರಮಾವ ಒಪ್ಪಲಿಲ್ಲ.

‘ಕಾಫಿ ಆಗ್ಲಿ ಕಣ್ಲಾ, ನಾನೇ ಯೋಳ್ತೀನಿ. ಅಲ್ಲೀಗಂಟ ನಗಬ್ಯಾಡ.’

ಹುಡುಗಿ ಒಪ್ಪಿಗೆಯಾಗುವಂತಿದ್ದಳು. ಎರಡು ಮಾತಾಡಿದ್ದೆವು, ಎರಡೂ ಹಿಡಿಸಿದ್ದವು. ಆಗ ಅವಳ ಅಜ್ಜಿ ಬೋಂಡ ತಂದರು. ತಟ್ಟೆಗೆ ಹಾಸಿದ್ದು ನಮ್ಮದೇ ಪತ್ರಿಕೆ.

‘ಈ ಪೇಪರ್ರಾ ನಿಮ್ದು? ಬಾಳ ಚೆನ್ನಾಗದೆ ಕಣಪ್ಪ. ಬ್ಯಾರೆ ಯಾವ್ದೂ ಎಣ್ಣೆಯ ಇಂಗೆ ಈರಾಕಿಲ್ಲ.’

ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದೆ.

‘ಪಿಟ್ಸು ಕಣ್ರೋ! ಕಬ್ಣ ಕೊಡ್ರಲಾ ಕೈಗೆ!’ ಹುಡುಗಿಯ ತಂದೆ ಕೂಗಿದರು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಹಿಡಿಸುವುದು ನಮ್ಮ ಕಡೆಯ ವಾಡಿಕೆ. ಬೀಗದ ಕೈ ಗೊಂಚಲು ಇಟ್ಟರು. ಸಡಿಲ ಬೆರಳಿನಿಂದ ಅದು ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು.

‘ಇದು ಸಾಲ್ದು. ಎಳ್ನೀರು ಕೆತ್ತೋ ಮಚ್ಚು ತಂದ್ಕೊಡ್ಲಾ’ ಎಂದರು ಅಜ್ಜಿ.

ಒಳಗೊಳಗೇ ಇನ್ನಷ್ಟು ನಗು ಬಂತು. ಹಾಗಾಗಿ ಏಳುವುದು ಇನ್ನಷ್ಟು ತಡವಾಯಿತು. ತಲೆಯ ಹತ್ತಿರವೇ ತಂದೆಯ ದನಿ: ‘ಈ ಸಂಬಂಧ ಬ್ಯಾಡ ಬುಡು.’ ಆಚೆಯಿಂದ ಹುಡುಗಿಯ ಪಿಸುಮಾತು: ‘ಸದ್ಯ, ಬೋಂಡ ತಿನ್ನಕ್ಕೆ ಮುಂಚೆ ಬಿದ್ರು. ತಿಂದಿದ್ರೆ ನಮ್ಮ ಮ್ಯಾಲೇ ಬತ್ತಿತ್ತು.’

ಮೈ ಹಿಡಿತಕ್ಕೆ ಬಂದ ಮೇಲೆ ಎದ್ದು ಕುಳಿತೆ. ವಾದಿಸಲಿಲ್ಲ. ಬಿದ್ದಾಗ ಯಾರು ಏನೆಂದರೋ ಅದನ್ನು ಕ್ರಮವಾಗಿ, ಒಂದು ಪದವನ್ನೂ ಬದಲಿಸದೆ ಒಪ್ಪಿಸಿದೆ: ಕಬ್ಣ, ಮಚ್ಚು, ಬ್ಯಾಡ ಬುಡು. ಬೋಂಡದ ಮಾತು ಬಂದಾಗ ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ತಂದೆ ತಬ್ಬಿಬ್ಬಾದರು. ‘ಪಿಟ್ಸ್ ಬಂದೋರ್ಗೆ ಏನೂ ಗೊತ್ತಾಗಾಕಿಲ್ಲ. ಈವಯ್ಯ ಎಲ್ಲಾ ಕೇಳುಸ್ಕಂಡವ್ನಲ್ಲಪ್ಪಾ!’

ಮಾವ ಆಗ ಬಾಯಿಬಿಟ್ಟು ಕಾಯಿಲೆಯ ವಿಷಯ ಹೇಳಿದರು. ಇದು ಗುಣವಾಗುವುದಿಲ್ಲ, ಮಾತ್ರೆಯಿಂದ ಹತೋಟಿಯಲ್ಲಿರುತ್ತದೆ ಎಂದು ನಾನು ಸೇರಿಸಿದೆ. ಗಾಡಿ ಓಡಿಸುವುದಿಲ್ಲ ಎಂದೂ ಹೇಳಿದೆ.

ತಂದೆ ಮಗಳತ್ತ ತಿರುಗಿದರು. ‘ನೀನೇನಂತೀಯಮ್ಮಿ?’

‘ಗಾಡಿ ನಾನು ಓಡಿಸ್ತೀನಿ, ಬುಡಪ್ಪ’ ಎಂದಳು.